ಕಾವುಪೆಟ್ಟಿಗೆಯ ಪಕ್ಕದಲ್ಲಿ ಒಂದು ಹೇಂಟೆಯನ್ನೂ ಕೂಡಿಸಿರಿ

ಯಂತ್ರದಲ್ಲಿ ಮೊದಲ ಸಲ ಮರಿ ತೆಗೆಯುವ ರೈತ ಬಾಂಧವರಿಗೆ ಕೆಲವು ಮಾತು

ನಮ್ಮ ಕಡೆಯ ಹಳ್ಳಿಗಳಲ್ಲಿ ಜವಾರಿ ಕೋಳಿ ಎಂದರೆ ಮನೆಯ ಹೆಣ್ಣುಮಕ್ಕಳ ಕೈಗಂಟು. ಉಪ್ಪು, ಎಣ್ಣೆ, ಮಕ್ಕಳ ಪಾಟಿ-ಪುಸ್ತಕ ಇಂಥ ಚಿಲ್ಲರೆ ಖರ್ಚನ್ನು ಹಿತ್ತಲಿನ ನಾಲ್ಕಾರು ಹೇಂಟೆಗಳು ಸದ್ದಿಲ್ಲದೆ ತೂಗಿಸಿಕೊಂಡು ಹೋಗುತ್ತವೆ. ಆದರೆ ಜವಾರಿ ಹೇಂಟೆ ವರ್ಷಕ್ಕೆ ಇಡುವುದು ೫೦ರಿಂದ ೬೦ ತತ್ತಿ ಮಾತ್ರ. ಹನ್ನೆರಡೋ ಹದಿನೈದೋ ತತ್ತಿಯಿಟ್ಟು ಕಾವಿಗೆ ಕೂತಿತೆಂದರೆ ೨೧ ದಿನ ಏಳುವುದಿಲ್ಲ. ಮರಿ ಬಂದ ಮೇಲೆ ಎರಡು ತಿಂಗಳಿಗೂ ಹೆಚ್ಚು ಕಾಲ ಅವುಗಳ ಹಿಂದೆ ತಿರುಗುತ್ತದೆ. ಅಷ್ಟು ದಿನ ತತ್ತಿಯ ಮಾತೇ ಇಲ್ಲ.

ಕಾವಿನ ಕೆಲಸವನ್ನು ಯಂತ್ರಕ್ಕೆ ವಹಿಸಿದರೆ ಹೇಂಟೆ ಬೇಗ ಮತ್ತೆ ತತ್ತಿಗೆ ಬರುತ್ತದೆ, ಒಂದೇ ಸಲ ಹತ್ತಾರು ಮರಿಗಳೂ ಕೈಸೇರುತ್ತವೆ. ಈ ಆಸೆಯಿಂದಲೇ ಈಗ ಅನೇಕರು ಸಣ್ಣ ಕಾವುಪೆಟ್ಟಿಗೆ, ಅಂದರೆ ಇನ್‌ಕ್ಯುಬೇಟರ್, ಕೊಳ್ಳುತ್ತಿದ್ದಾರೆ. ಕೊಂಡವರಲ್ಲಿ ಕೆಲವರು ಒಂದೇ ಸಲ ಮರಿ ತೆಗೆಯಲು ನೋಡಿ, ಸೋತು, ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದ್ದಾರೆ. ನೀವು ಹಾಗೆ ಸೋಲಬಾರದೆಂದು ಈ ಲೇಖನ.

ನನ್ನ ಮೊದಲ ಸಲದ ಕಥೆ

ಸರ್ವಜ್ಞನ ಊರೆಂದು ಜನ ನೆನೆಯುವ ಹಿರೇಕೆರೂರು ತಾಲೂಕಿನ ಅಬಲೂರಿನಲ್ಲಿ ನಮ್ಮ ಮನೆ. ಮೊದಲ ಸಲ ನಾನು ಪೆಟ್ಟಿಗೆಯಲ್ಲಿ ೪೦ ತತ್ತಿ ಇಟ್ಟೆ. ಅದರಲ್ಲಿ ಬಹುಪಾಲು ಅವ್ವ ಮಾರದೆ ಕೂಡಿಸಿಕೊಟ್ಟದ್ದು. ಅದೇ ದಿನ ಹಿತ್ತಲಿನಲ್ಲಿ ಒಂದು ಹೇಂಟೆ ಕಾವಿಗೆ ಬಂದಿತ್ತು. ಅವ್ವ ಅದೇ ತತ್ತಿಗಳಲ್ಲಿ ೧೧ನ್ನು ತೆಗೆದುಕೊಂಡು, ಬುಟ್ಟಿಯಲ್ಲಿ ಉಸುಕು ಹಾಸಿ, ಅದರ ಕೆಳಗೆ ಇಟ್ಟಳು.

ಇಪ್ಪತ್ತನೆಯ ದಿನ ಸಂಜೆ ಪೆಟ್ಟಿಗೆಯೊಳಗೆ ಚಿಂವ್ ಚಿಂವ್ ಸದ್ದು ಕೇಳಿತು. ನನಗೆ ತಡೆಯಲಾಗಲಿಲ್ಲ. ಮುಚ್ಚಳ ತೆಗೆದು ನೋಡಿದೆ. ಓಣಿಯ ಹುಡುಗರು ಬಂದರು, ಅವರಿಗೂ ತೆಗೆದು ತೋರಿಸಿದೆ. ಚಿಪ್ಪು ಒಡೆದು ಒಳಗೇ ಒದ್ದಾಡುತ್ತಿದ್ದ ಎರಡು ಮರಿಗಳನ್ನು ಪಾಪವೆಂದು ಕೈಯಿಂದ ಬಿಡಿಸಿದೆ. ಅವು ಬೆಳಗಾಗುವುದರೊಳಗೆ ಸತ್ತವು. ೪೦ರಲ್ಲಿ ಉಳಿದದ್ದು ಒಂಬತ್ತು. ಅವ್ವನ ಬುಟ್ಟಿಯಲ್ಲಿ ೧೧ಕ್ಕೆ ಒಂಬತ್ತು!

ಅವ್ವ ಹೆಚ್ಚು ಮಾತಾಡಲಿಲ್ಲ. "ಕೋಳಿ ಇಪ್ಪತ್ತೊಂದು ದಿನ ಕುಂದರತೈತಿ. ನಿನಗ ಒಂದು ರಾತ್ರಿ ಕುಂದರಾಕ ಆಗಲಿಲ್ಲೇನಪಾ?" ಎಂದಳು, ಅಷ್ಟೆ.

ಆ ಬುಟ್ಟಿ ಇಲ್ಲದಿದ್ದರೆ ನಾನು ತತ್ತಿಯನ್ನೋ ಹುಂಜವನ್ನೋ ದೂರುತ್ತಿದ್ದೆ. ತತ್ತಿ ಒಂದೇ, ದಿನವೂ ಒಂದೇ. ಹೇಂಟೆಯ ಕೆಳಗೆ ಮರಿಯಾದದ್ದು ಪೆಟ್ಟಿಗೆಯಲ್ಲಿ ಆಗಲಿಲ್ಲವೆಂದರೆ ತಪ್ಪು ನನ್ನದೇ. ಆದ್ದರಿಂದ ನನ್ನ ಮೊದಲ ಸಲಹೆ ಇದು: ಮೊದಲ ಸಲ ಯಂತ್ರ ಹೂಡುವ ದಿನವೇ, ಅದೇ ತತ್ತಿಗಳಲ್ಲಿ ಹತ್ತನ್ನು ಕಾವಿಗೆ ಬಂದ ಒಂದು ಹೇಂಟೆಯ ಕೆಳಗೂ ಇಡಿರಿ. ಅದು ನಿಮಗೆ ಅಳತೆಗೋಲು. ಮುಂದೆ ಮರಿಗಳಿಗೆ ತಾಯಿಯೂ ಆಗುತ್ತದೆ.

ಕೊಳ್ಳುವ ಮೊದಲು ಲೆಕ್ಕ

ಯಂತ್ರಕ್ಕೆ ಒಂದೇ ವಾರದೊಳಗಿನ ತತ್ತಿ ಬೇಕು. ತತ್ತಿ ಇಡುತ್ತಿರುವ ಹತ್ತು ಜವಾರಿ ಹೇಂಟೆಗಳಿದ್ದರೆ ವಾರಕ್ಕೆ ಮೂವತ್ತರಿಂದ ನಾಲ್ವತ್ತು ತತ್ತಿ ಸಿಕ್ಕಾವು. ಮನೆಯಲ್ಲಿ ಮೂರೇ ಹೇಂಟೆ ಇದ್ದರೆ ಯಂತ್ರ ಬೇಡ, ಬುಟ್ಟಿಯೇ ಸಾಕು. ಇಲ್ಲವೆ ಓಣಿಯ ನಾಲ್ಕೈದು ಮನೆಯವರು ಇಲ್ಲವೆ ಒಂದು ಮಹಿಳಾ ಸಂಘದವರು ಸೇರಿ ಒಂದು ಪೆಟ್ಟಿಗೆ ಇಟ್ಟುಕೊಳ್ಳಬಹುದು. ತತ್ತಿಯ ಮೇಲೆ ಪೆನ್ಸಿಲಿನಿಂದ ಮನೆಯ ಗುರುತು ಹಾಕಿದರೆ ಯಾರ ತತ್ತಿ ಎಷ್ಟು ಮರಿಯಾಯಿತೆಂಬ ಲೆಕ್ಕ ಸಿಗುತ್ತದೆ. ಕೋಳಿ ಸಾಯುತ್ತಿರುವ ಮನೆಯ ತತ್ತಿಯನ್ನು ಮಾತ್ರ ಸೇರಿಸಬೇಡಿರಿ. ಕೆಲವು ರೋಗಗಳು ತತ್ತಿಯ ಮೂಲಕವೇ ಮರಿಗೆ ದಾಟುತ್ತವೆ.

ಎಂಥ ತತ್ತಿ?

ಅಂಗಡಿಯ ಫಾರ್ಮ್ ತತ್ತಿಯನ್ನು ಎಷ್ಟು ದಿನ ಕಾವಿಗಿಟ್ಟರೂ ಮರಿಯಾಗದು. ಆ ಫಾರ್ಮುಗಳಲ್ಲಿ ಹುಂಜ ಇರುವುದಿಲ್ಲ. ಎಂಟು ಹತ್ತು ಹೇಂಟೆಗೆ ಒಂದು ಚುರುಕಾದ ಹುಂಜ ಇರುವ ಹಿಂಡಿನ ತತ್ತಿಯೇ ಆಗಬೇಕು. ತೀರ ದೊಡ್ಡದು, ತೀರ ಸಣ್ಣದು, ಸೊಟ್ಟಗಿರುವುದು, ತೆಳು ಚಿಪ್ಪಿನದು, ಬಿರುಕು ಬಿಟ್ಟದ್ದು ಬೇಡ. ಹೊಲಸಾದ ತತ್ತಿಯನ್ನು ತೊಳೆದು ಇಡುವುದೂ ಸಲ್ಲದು. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ತಣ್ಣೀರಿನಲ್ಲಿ ತೊಳೆದರೆ ಹೊಲಸು ಅವುಗಳ ಮೂಲಕ ಒಳಗಿಳಿಯುತ್ತದೆ. ಆದ್ದರಿಂದ ಗೂಡಿನಲ್ಲಿ ಒಣ ಹುಲ್ಲು ಹಾಕಿ, ದಿನಕ್ಕೆ ಮೂರು ನಾಲ್ಕು ಸಲ ತತ್ತಿ ಎತ್ತಿರಿ.

ಎತ್ತಿದ ತತ್ತಿಯನ್ನು ಅಗಲ ತುದಿ ಮೇಲಾಗಿ ತಂಪಿನಲ್ಲಿಡಿರಿ. ಗಾಳಿಯ ಕೋಶ ಇರುವುದು ಆ ತುದಿಯಲ್ಲಿ. ಏಳು ದಿನಕ್ಕಿಂತ ಹಳೆಯ ತತ್ತಿ ಬೇಡ, ಬೇಸಗೆಯಲ್ಲಿ ಮೂರು ನಾಲ್ಕು ದಿನವೇ ಹೆಚ್ಚು. ಸುಮಾರು ೨೧ ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ತತ್ತಿಯೊಳಗಿನ ಜೀವ ಅರೆಬರೆಯಾಗಿ ಬೆಳೆಯತೊಡಗುತ್ತದೆ. ಹಾಗೆ ಬೆಳೆಯುತ್ತ, ನಿಲ್ಲುತ್ತ ಹೋದ ಜೀವ ಕಾವಿಗಿಟ್ಟ ಮೇಲೆ ಬಾಳುವುದಿಲ್ಲ. ಒಂದು ಅಗಲ ಬಾಯಿಯ ಮಣ್ಣಿನ ಗಡಿಗೆಯನ್ನು ಒದ್ದೆ ಉಸುಕಿನ ಮೇಲೆ ಕೂಡಿಸಿ, ಒಳಗೆ ಒಣ ಹುಲ್ಲು ಹಾಸಿ, ತತ್ತಿ ಇಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿದರೆ ನಮ್ಮ ಹಳ್ಳಿಗೆ ಅದೇ ತಂಪುಪೆಟ್ಟಿಗೆ.

ಗುಡುಗಿಗೆ ತತ್ತಿ ಕೆಡುತ್ತದೆಂದು ಹಿರಿಯರು ಬುಟ್ಟಿಯಲ್ಲಿ ಕಬ್ಬಿಣದ ಚೂರು, ಇದ್ದಿಲು ಇಡುವುದುಂಟು. ಗುಡುಗು ಬರುವುದು ಬೇಸಗೆಯ ಕೊನೆಗೆ. ಕೆಡಿಸುವುದು ಗುಡುಗಲ್ಲ, ಆ ದಿನಗಳ ಸೆಕೆ. ಮೊದಲ ಸಲದ ಪ್ರಯತ್ನಕ್ಕೆ ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲವೇ ಒಳ್ಳೆಯದು. ಹವೆ ತಂಪು, ಮನೆಯಲ್ಲಿ ಹೊಸ ಮೆಕ್ಕೆಜೋಳವೂ ಇರುತ್ತದೆ.

ಬಿಸಿ ಎಷ್ಟು?

ಪೆಟ್ಟಿಗೆಯನ್ನು ತಗಡಿನ ಮಾಡಿನ ಕೆಳಗೆ, ಕಿಟಕಿಯ ಬಿಸಿಲಿಗೆ, ಒಲೆಯ ಹತ್ತಿರ ಇಡಬಾರದು. ಹೆಂಚಿನ ಮನೆಯ ಒಳಕೋಣೆ ಉತ್ತಮ. ತತ್ತಿ ಇಡುವ ಮೊದಲು ಒಂದು ಹಗಲು ಒಂದು ರಾತ್ರಿ ಖಾಲಿ ಪೆಟ್ಟಿಗೆಯನ್ನೇ ನಡೆಸಿ ನೋಡಿರಿ.

ಒಳಗೆ ಫ್ಯಾನ್ ಇರುವ ಪೆಟ್ಟಿಗೆಗೆ ೩೭.೫ ಡಿಗ್ರಿ ಸೆಲ್ಸಿಯಸ್ (೯೯.೫ ಡಿಗ್ರಿ ಫ್ಯಾರನ್‌ಹೀಟ್) ಉಷ್ಣತೆ ಬೇಕು. ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಬಿಸಿ ಗಾಳಿ ಮೇಲೆ, ತಂಪು ಗಾಳಿ ಕೆಳಗೆ ನಿಲ್ಲುವುದರಿಂದ ತತ್ತಿಯ ನೆತ್ತಿಯ ಮಟ್ಟದಲ್ಲಿ ಅಳೆದು ೩೮.೬ರಿಂದ ೩೯ ಡಿಗ್ರಿ ಇಡಬೇಕು. ಈ ಎರಡನ್ನು ಕಲಸಿಕೊಂಡು ಕೆಟ್ಟವರು ಬಹಳ. ಪೆಟ್ಟಿಗೆಯ ಮೇಲಿನ ಅಂಕಿಯನ್ನೇ ನಂಬದೆ, ಜ್ವರ ನೋಡುವ ಒಳ್ಳೆಯ ಥರ್ಮಾಮೀಟರನ್ನು ತತ್ತಿಯ ಪಕ್ಕದಲ್ಲಿಟ್ಟು ತಾಳೆ ನೋಡಿರಿ. ಒಂದು ಡಿಗ್ರಿ ಕಡಿಮೆಯಾದರೆ ಮರಿ ತಡವಾಗಿ ಬರುತ್ತದೆ. ಎರಡು ಮೂರು ಡಿಗ್ರಿ ಹೆಚ್ಚಾಗಿ ಕೆಲವು ತಾಸು ನಿಂತರೆ ಮರಿಗಳು ಒಳಗೇ ಸಾಯುತ್ತವೆ. ತಂಪಿಗಿಂತ ಹೆಚ್ಚಿನ ಬಿಸಿಯೇ ದೊಡ್ಡ ವೈರಿ ಎಂಬುದನ್ನು ಮರೆಯಬೇಡಿರಿ.

ಯಂತ್ರವೆಂದರೆ ಹೊಸ ವಿದ್ಯೆ ಎಂದು ಅಂಜಬೇಕಾದ್ದಿಲ್ಲ. ಈಜಿಪ್ಟಿನ ಹಳ್ಳಿಗಳಲ್ಲಿ ಮಣ್ಣಿನ ಇಟ್ಟಿಗೆಯ ಒಲೆಮನೆ ಕಟ್ಟಿ, ಸಗಣಿ ಮತ್ತು ಹುಲ್ಲಿನ ಸಣ್ಣ ಬೆಂಕಿಯಿಂದ ಒಂದೇ ಸಲಕ್ಕೆ ಸಾವಿರಾರು ಮರಿ ತೆಗೆಯುವ ಕಸುಬು ಬಹು ಪ್ರಾಚೀನವಾದದ್ದು. ಅಲ್ಲಿಯ ಕಸುಬುದಾರರು ತತ್ತಿಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಬಿಸಿ ತಿಳಿಯುತ್ತಿದ್ದರು. ಫ್ರಾನ್ಸಿನ ವಿಜ್ಞಾನಿ ರೇಮೂರ್ ೧೭೪೯ರಲ್ಲಿ ಈ ವಿದ್ಯೆಯ ಮೇಲೆ ಒಂದು ಗ್ರಂಥವನ್ನೇ ಬರೆದನು. ಕರೆಂಟ್, ಥರ್ಮಾಮೀಟರ್ ಇಲ್ಲದವರಿಗೆ ಸಾಧ್ಯವಾದದ್ದು ನಮಗೂ ಸಾಧ್ಯ. ಆದರೆ ಅವರು ಹಗಲು ರಾತ್ರಿ ಒಲೆಯ ಬಳಿಯೇ ಇರುತ್ತಿದ್ದರು.

ಹೊರಳಿಸುವುದು

ಕಾವಿಗೆ ಕೂತ ಹೇಂಟೆಯನ್ನು ಗಮನಿಸಿರಿ. ಆಗಾಗ ಕೊಕ್ಕಿನಿಂದ ತತ್ತಿಗಳನ್ನು ಹೊರಳಿಸುತ್ತದೆ. ಹೊರಳಿಸದಿದ್ದರೆ ಒಳಗಿನ ಪಿಂಡ ಚಿಪ್ಪಿನ ಒಳಪೊರೆಗೆ ಅಂಟಿಕೊಂಡು ಸಾಯುತ್ತದೆ. ನಿಮ್ಮ ಪೆಟ್ಟಿಗೆಯಲ್ಲಿ ತಾನಾಗಿ ಹೊರಳಿಸುವ ಏರ್ಪಾಡು ಇಲ್ಲದಿದ್ದರೆ ತತ್ತಿಯ ಒಂದು ಮಗ್ಗುಲಿಗೆ ಪೆನ್ಸಿಲಿನಿಂದ ಗುಣಿಸುವ ಗುರುತು, ಇನ್ನೊಂದಕ್ಕೆ ಸೊನ್ನೆ ಹಾಕಿರಿ. ದಿನಕ್ಕೆ ಮೂರು ಸಲ ಇಲ್ಲವೆ ಐದು ಸಲ, ಅಂದರೆ ಬೆಸ ಸಂಖ್ಯೆಯಲ್ಲಿ ಹೊರಳಿಸಿರಿ. ಹಾಗೆ ಮಾಡಿದರೆ ರಾತ್ರಿಯ ದೀರ್ಘ ಕಾಲ ತತ್ತಿ ದಿನವೂ ಒಂದೇ ಮಗ್ಗುಲಿಗೆ ಇರುವುದಿಲ್ಲ. ಕೈ ತೊಳೆದೇ ತತ್ತಿ ಮುಟ್ಟಬೇಕು. ೧೮ನೆಯ ದಿನಕ್ಕೆ ಹೊರಳಿಸುವುದನ್ನು ನಿಲ್ಲಿಸಿರಿ. ಮರಿ ಆಗ ಹೊರಬರಲು ತಲೆಯನ್ನು ಅಗಲ ತುದಿಯ ಕಡೆಗೆ ತಿರುಗಿಸಿಕೊಳ್ಳುತ್ತಿರುತ್ತದೆ.

ನೀರು ಮತ್ತು ತಕ್ಕಡಿ

ಮೊದಲ ೧೮ ದಿನ ಪೆಟ್ಟಿಗೆಯೊಳಗಿನ ತೇವ ನೂರಕ್ಕೆ ೫೦ರಿಂದ ೫೫, ಕೊನೆಯ ಮೂರು ದಿನ ೬೫ರಿಂದ ೭೦ ಇರಬೇಕು. ತೇವ ಅಳೆಯುವ ಸಾಧನ ಇಲ್ಲದವರಿಗೆ ತಕ್ಕಡಿಯೇ ಸಾಧನ. ತತ್ತಿಯೊಳಗಿನ ನೀರು ದಿನದಿನಕ್ಕೂ ಆರಿ ೧೮ನೆಯ ದಿನಕ್ಕೆ ತೂಕದ ನೂರಕ್ಕೆ ೧೨-೧೩ ಪಾಲು ಇಳಿಯಬೇಕು. ಹತ್ತು ತತ್ತಿ ಇಡುವಾಗ ೫೦೦ ಗ್ರಾಂ ಇದ್ದರೆ ೧೮ನೆಯ ದಿನ ೪೩೫ರಿಂದ ೪೪೦ ಗ್ರಾಂ ಇರಬೇಕು. ಅದಕ್ಕಿಂತ ಬಹಳ ಇಳಿದರೆ ಒಳಗೆ ತೇವ ಸಾಲದು, ನೀರಿನ ತಟ್ಟೆ ದೊಡ್ಡದು ಮಾಡಿರಿ. ಇಳಿಯದೆ ನಿಂತರೆ ತೇವ ಹೆಚ್ಚಾಗಿದೆ. ಮಳೆಗಾಲದಲ್ಲಿ ಹೀಗಾಗುವುದು ಹೆಚ್ಚು. ಆರನೆಯ, ಹನ್ನೆರಡನೆಯ ದಿನಗಳಲ್ಲೂ ತೂಗಿದರೆ ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ತಟ್ಟೆಗೆ ಹಾಕುವ ನೀರು ಉಗುರುಬೆಚ್ಚಗಿರಲಿ.

ಬೆಳಕಿಗೆ ಹಿಡಿದು ನೋಡುವುದು

ಏಳನೆಯ ದಿನ ರಾತ್ರಿ ಕತ್ತಲ ಕೋಣೆಯಲ್ಲಿ ಬ್ಯಾಟರಿಯ ಬಾಯಿಗೆ ರಂಧ್ರ ಮಾಡಿದ ರಟ್ಟು ಹಿಡಿದು, ತತ್ತಿಯ ಅಗಲ ತುದಿಯನ್ನು ಅದಕ್ಕೆ ತಾಗಿಸಿ ನೋಡಿರಿ. ಜೇಡನ ಕಾಲುಗಳಂತೆ ಕೆಂಪು ನರಗಳು ಹರಡಿದ್ದರೆ ಜೀವ ಇದೆ. ಏನೂ ಕಾಣದೆ ತಿಳಿಯಾಗಿದ್ದರೆ ಅದು ಹುಂಜ ಸೇರದ ತತ್ತಿ. ರಕ್ತದ ಉಂಗುರ ಮಾತ್ರ ಕಂಡರೆ ಬೆಳೆದು ಸತ್ತದ್ದು. ಈ ಎರಡು ಬಗೆಯನ್ನೂ ತೆಗೆದು ಮಣ್ಣಿನಲ್ಲಿ ಹೂಳಿರಿ, ಮಾರಬೇಡಿರಿ. ಒಳಗೇ ಬಿಟ್ಟರೆ ಕೊಳೆತು ಒಡೆದು ಉಳಿದವನ್ನೂ ಕೆಡಿಸುತ್ತವೆ. ಹದಿನಾಲ್ಕನೆಯ ದಿನ ಇನ್ನೊಮ್ಮೆ ನೋಡಿದರೆ ಸಾಕು.

ಕರೆಂಟ್ ಹೋದರೆ?

ನಮ್ಮ ಹಳ್ಳಿಗಳಲ್ಲಿ ಇದೇ ದೊಡ್ಡ ಪ್ರಶ್ನೆ. ಮೊದಲು ಗಾಬರಿ ಬಿಡಿರಿ. ಹೇಂಟೆಯೂ ದಿನಕ್ಕೊಮ್ಮೆ ನೀರು ಕಾಳಿಗೆ ಎದ್ದು ಹದಿನೈದು ಇಪ್ಪತ್ತು ನಿಮಿಷ ಹೊರಗಿರುತ್ತದೆ, ತತ್ತಿಗೆ ಏನೂ ಆಗುವುದಿಲ್ಲ. ಕರೆಂಟ್ ಹೋದೊಡನೆ ಮುಚ್ಚಳ ತೆಗೆಯದೆ ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿರಿ, ಗಾಳಿಯ ರಂಧ್ರಗಳನ್ನು ಮಾತ್ರ ಬಿಡಿರಿ. ಒಂದು ತಾಸಿಗಿಂತ ತಡವಾಗುವಂತಿದ್ದರೆ ಬಾಟಲಿಗಳಲ್ಲಿ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ತತ್ತಿಗೆ ತಾಗದಂತೆ ಒಳಗಿಡಿರಿ. ಮೊದಲ ವಾರದಲ್ಲಿ ತತ್ತಿಗೆ ಸ್ವಂತ ಬಿಸಿ ಇಲ್ಲದ್ದರಿಂದ ಬೇಗ ತಣ್ಣಗಾಗುತ್ತದೆ. ಎರಡು ವಾರ ಕಳೆದ ಮೇಲೆ ಬೆಳೆದ ಮರಿಗಳೇ ಬಿಸಿ ಹುಟ್ಟಿಸುತ್ತವೆ. ಆಗ ತಣ್ಣಗಾಗುವ ಭಯಕ್ಕಿಂತ ಉಸಿರುಕಟ್ಟುವ ಭಯ ಹೆಚ್ಚು. ಬ್ಯಾಟರಿ ಅಥವಾ ಇನ್ವರ್ಟರಿನಿಂದಲೂ ನಡೆಯುವ ಪೆಟ್ಟಿಗೆ ಕೊಂಡರೆ ಖರ್ಚು ಸ್ವಲ್ಪ ಹೆಚ್ಚಾದರೂ ನಿದ್ದೆ ಬರುತ್ತದೆ.

ಕೊನೆಯ ಮೂರು ದಿನ

೧೮ನೆಯ ದಿನ ತತ್ತಿಗಳನ್ನು ಜಾರದ ಒರಟು ಬಟ್ಟೆಯ ಮೇಲೆ ಮಲಗಿಸಿ, ನೀರಿನ ತಟ್ಟೆಗಳನ್ನೆಲ್ಲ ತುಂಬಿ, ಮುಚ್ಚಳ ಹಾಕಿರಿ. ಇನ್ನು ತೆಗೆಯಬೇಡಿರಿ. ಮರಿ ಮೊದಲು ಗಾಳಿಕೋಶವನ್ನು ಚುಚ್ಚಿ ಉಸಿರಾಡುತ್ತದೆ, ಆಗಲೇ ಸದ್ದು ಕೇಳುವುದು. ಬಳಿಕ ಚಿಪ್ಪಿಗೆ ಒಂದು ರಂಧ್ರ ಮಾಡಿ ಸುಮ್ಮನಾಗುತ್ತದೆ. ಆ ರಂಧ್ರದಿಂದ ಪೂರ್ತಿ ಹೊರಬರಲು ೧೨ರಿಂದ ೨೪ ತಾಸು ಹಿಡಿಯುತ್ತದೆ. ಅದು ದಣಿದು ಕೂತಿದೆ ಎಂದು ನಮಗೆ ತೋರುತ್ತದೆ. ನಿಜವಾಗಿ ಆಗ ಒಳಪೊರೆಯ ರಕ್ತ ಮರಿಯ ಮೈಗೆ ಸೇರುತ್ತಿರುತ್ತದೆ, ಉಳಿದ ಹಳದಿ ಲೋಳೆ ಹೊಟ್ಟೆಯೊಳಗೆ ಹೋಗುತ್ತಿರುತ್ತದೆ. ಆಗ ನೀವು ಚಿಪ್ಪು ಬಿಡಿಸಿದರೆ ರಕ್ತ ಹರಿದು ಮರಿ ಸಾಯುತ್ತದೆ. ಮುಚ್ಚಳ ತೆಗೆದರೆ ತೇವವೆಲ್ಲ ಹಾರಿ ಒಳಪೊರೆ ಒಣಗಿ ಮರಿಗೆ ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ನನ್ನ ಪೆಟ್ಟಿಗೆಯಲ್ಲಿ ಆದದ್ದು ಇದೇ.

ಹೊರಬಂದ ಮರಿ ಹಸಿದೀತೆಂಬ ಚಿಂತೆಯೂ ಬೇಡ. ಹೊಟ್ಟೆಯೊಳಗಿನ ಹಳದಿ ಲೋಳೆಯಿಂದ ಅದು ಎರಡು ದಿನ ಕಾಳು ನೀರಿಲ್ಲದೆ ಇರಬಲ್ಲದು. ದೂರದ ಊರುಗಳಿಂದ ಮರಿಗಳನ್ನು ರಟ್ಟಿನ ಡಬ್ಬಿಯಲ್ಲಿ ತರಲು ಸಾಧ್ಯವಾಗುವುದು ಇದರಿಂದಲೇ. ಬಹುಪಾಲು ಮರಿಗಳ ಮೈ ಒಣಗಿ ತುಪ್ಪಳು ಅರಳಿದ ಮೇಲೆ ಒಂದೇ ಸಲ ತೆಗೆಯಿರಿ.

ಮರಿಗಳಿಗೆ ತಾಯಿ

ಪಕ್ಕದಲ್ಲಿ ಕೂಡಿಸಿದ ಹೇಂಟೆ ಈಗ ಇನ್ನೊಂದು ಉಪಕಾರಕ್ಕೆ ಬರುತ್ತದೆ. ಅದರ ಮರಿಗಳೂ ಅದೇ ದಿನ ಬಂದಿರುತ್ತವೆ. ರಾತ್ರಿ ಕತ್ತಲಲ್ಲಿ ಪೆಟ್ಟಿಗೆಯ ಐದಾರು ಮರಿಗಳನ್ನು ಮೆಲ್ಲನೆ ಅದರ ರೆಕ್ಕೆಯ ಕೆಳಗೆ ಸೇರಿಸಿರಿ. ಬೆಳಗಾದರೆ ಎಲ್ಲವೂ ತನ್ನವೇ ಎಂದು ಸಾಕುತ್ತದೆ. ಒಂದು ಹೇಂಟೆಗೆ ಒಟ್ಟು ಹದಿನೈದಕ್ಕಿಂತ ಹೆಚ್ಚು ಮರಿ ಬೇಡ.

ಉಳಿದ ಮರಿಗಳಿಗೆ ಬಲ್ಬಿನ ಕಾವು ಕೊಡಬೇಕು. ನೆಲಕ್ಕೆ ಭತ್ತದ ಹೊಟ್ಟು ಹಾಸಿ, ಸುತ್ತ ರಟ್ಟು ಕಟ್ಟಿ, ಮೊದಲ ವಾರ ೩೨ರಿಂದ ೩೫ ಡಿಗ್ರಿ ಬಿಸಿ ಇಡಿರಿ. ಮುಂದೆ ವಾರಕ್ಕೆ ಸುಮಾರು ಮೂರು ಡಿಗ್ರಿ ಇಳಿಸಿರಿ. ಮರಿಗಳು ಬಲ್ಬಿನ ಕೆಳಗೆ ಗುಂಪುಗೂಡಿದರೆ ಚಳಿ, ದೂರ ಓಡಿದರೆ ಸೆಕೆ, ಎಲ್ಲೆಡೆ ಹರಡಿದ್ದರೆ ಸರಿ. ಮೊದಲು ನೀರು, ಆಮೇಲೆ ಮೆಕ್ಕೆಜೋಳದ ಸಣ್ಣ ನುಚ್ಚು, ಮರುದಿನದಿಂದ ಮರಿಗಳ ಮಿಶ್ರ ಆಹಾರ ಕೊಡಿರಿ. ಬರೀ ನುಚ್ಚಿನಲ್ಲಿ ಮರಿ ಬೆಳೆಯದು.

ಲಸಿಕೆಯನ್ನು ತಪ್ಪಿಸಬೇಡಿರಿ. ಕೊಕ್ಕರೆ ರೋಗ ಬಂದರೆ ೨೧ ದಿನದ ದುಡಿಮೆ ಎರಡು ದಿನದಲ್ಲಿ ಹೋಗುತ್ತದೆ. ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೆ ಇಲ್ಲವೆ ಮೂಗಿಗೆ ಲಸಿಕೆಯ ಹನಿ, ಎರಡು ವಾರಕ್ಕೆ ಗಂಬೋರೊ ಲಸಿಕೆ, ನಾಲ್ಕನೆಯ ವಾರ ಮತ್ತೆ ಕೊಕ್ಕರೆ ರೋಗದ ಲಸಿಕೆ ಹಾಕಿಸಿರಿ. ತತ್ತಿ ಕಾವಿಗಿಟ್ಟ ದಿನವೇ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ ಲಸಿಕೆಯ ದಿನ ಕೇಳಿಕೊಂಡು ಬರುವುದು ಜಾಣತನ.

ಒಡೆಯದ ತತ್ತಿ ಹೇಳುವ ಪಾಠ

೨೨ನೆಯ ದಿನ ದಾಟಿದ ಮೇಲೆ ಉಳಿದ ತತ್ತಿಗಳನ್ನು ಎಸೆಯುವ ಮೊದಲು ಹೊರಗೆ ಒಡೆದು ನೋಡಿರಿ. ಮೂಗು ಮುಚ್ಚಿಕೊಂಡಾದರೂ ಈ ಕೆಲಸ ಮಾಡತಕ್ಕದ್ದು. ಬಹಳಷ್ಟು ಮೊದಲ ವಾರದಲ್ಲೇ ಸತ್ತಿದ್ದರೆ ತತ್ತಿ ಹಳತು, ಇಲ್ಲವೆ ಸೆಕೆಯಲ್ಲಿ ಇಟ್ಟದ್ದು, ಇಲ್ಲವೆ ಪೆಟ್ಟಿಗೆಯ ಬಿಸಿ ಹೆಚ್ಚಾದದ್ದು. ಪೂರ್ತಿ ಬೆಳೆದು ಚಿಪ್ಪು ಚುಚ್ಚದೆ ಸತ್ತಿದ್ದರೆ ತೇವ ಇಲ್ಲವೆ ಗಾಳಿಯ ದೋಷ. ಚುಚ್ಚಿ ಸತ್ತಿದ್ದರೆ ಕೊನೆಗೆ ಮುಚ್ಚಳ ತೆಗೆದದ್ದು. ಮರಿಗಳು ೧೯-೨೦ಕ್ಕೇ ಬಂದು ಹೊಕ್ಕಳು ಹಸಿಯಾಗಿದ್ದರೆ ಬಿಸಿ ಹೆಚ್ಚು, ೨೨-೨೩ಕ್ಕೆ ಬಂದರೆ ಬಿಸಿ ಕಡಿಮೆ.

ಇದನ್ನು ಹೇಂಟೆಯ ಬುಟ್ಟಿಯೊಡನೆ ಹೋಲಿಸಿರಿ. ಬುಟ್ಟಿಯಲ್ಲೂ ಮರಿ ಬರದಿದ್ದರೆ ತಪ್ಪು ತತ್ತಿಯದು ಇಲ್ಲವೆ ಹುಂಜದ್ದು. ಬುಟ್ಟಿಯಲ್ಲಿ ಬಂದು ಪೆಟ್ಟಿಗೆಯಲ್ಲಿ ಬರದಿದ್ದರೆ ತಪ್ಪು ಪೆಟ್ಟಿಗೆಯದು ಇಲ್ಲವೆ ನಡೆಸಿದವರದು. ಇಷ್ಟು ಸ್ಪಷ್ಟವಾದ ಉತ್ತರ ಬೇರೆ ಎಲ್ಲೂ ಸಿಗುವುದಿಲ್ಲ.

ಇನ್ನೊಂದು ಎಚ್ಚರಿಕೆ

ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜ ತಳಿ ಹಿತ್ತಲಿಗೆ ಒಳ್ಳೆಯದೇ. ಆದರೆ ಅದು ಹಲವು ತಳಿ ಕೂಡಿಸಿ ಮಾಡಿದ್ದು. ಮನೆಯ ಗಿರಿರಾಜ ಕೋಳಿಗಳ ತತ್ತಿಯಿಂದ ಮರಿ ತೆಗೆದರೆ ತಂದೆತಾಯಿಯ ತೂಕ, ತತ್ತಿಯ ಪ್ರಮಾಣ ಹಾಗೆಯೇ ಬರುವುದಿಲ್ಲ. ಅಂಥ ತಳಿಯ ಮರಿಗಳನ್ನು ಕೇಂದ್ರಗಳಿಂದಲೇ ತರಿಸಿರಿ. ಕಾವುಪೆಟ್ಟಿಗೆಯನ್ನು ಜವಾರಿ ತತ್ತಿಗೆ ಬಳಸಿರಿ. ಹೆಚ್ಚಿನ ಮಾಹಿತಿಗೆ ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಕೋಳಿ ಸಾಕಣೆಯ ತರಬೇತಿ ಬೇಕೆನ್ನುವವರಿಗೆ ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿ ಕೇಂದ್ರ ಸರಕಾರದ ಕುಕ್ಕುಟ ಅಭಿವೃದ್ಧಿ ಸಂಸ್ಥೆ ಇದೆ.

ಕೊನೆಯ ಮಾತು

ಮೊದಲ ಸಲ ಇಪ್ಪತ್ತು ಮೂವತ್ತು ತತ್ತಿಗಿಂತ ಹೆಚ್ಚು ಇಡಬೇಡಿರಿ. ಅರ್ಧದಷ್ಟು ಮರಿಯಾದರೂ ಅದು ಸೋಲಲ್ಲ. ಗೋಡೆಗೆ ಒಂದು ಕ್ಯಾಲೆಂಡರ್ ಹಾಕಿ, ದಿನದ ಬಿಸಿ, ಹೊರಳಿಸಿದ ಹೊತ್ತು, ಕರೆಂಟ್ ಹೋದ ಹೊತ್ತು ಬರೆದಿಡಿರಿ. ಮೂರು ಸಲ ಚೆನ್ನಾಗಿ ಮರಿ ತೆಗೆಯುವವರೆಗೆ ದೊಡ್ಡ ಯಂತ್ರಕ್ಕೆ ಸಾಲ ಮಾಡಬೇಡಿರಿ.

ನನ್ನ ಎರಡನೆಯ ಸಲಕ್ಕೆ ಅವ್ವ ಮತ್ತೆ ತತ್ತಿ ಕೂಡಿಸಿಕೊಟ್ಟಳು, ಒಂದು ಕರಾರಿನ ಮೇಲೆ. ೧೮ನೆಯ ದಿನ ಪೆಟ್ಟಿಗೆಯ ಮುಚ್ಚಳಕ್ಕೆ ಹಗ್ಗ ಬಿಗಿದು ಗಂಟು ಹಾಕಿದಳು. ಗಂಟು ಬಿಚ್ಚಿದ್ದು ೨೧ನೆಯ ದಿನ ರಾತ್ರಿ, ಅವಳೇ. ೩೦ ತತ್ತಿಗೆ ೨೧ ಮರಿ ಬಂದಿದ್ದವು. ನಿಮ್ಮ ಮನೆಯಲ್ಲೂ ಅಂಥದೊಂದು ಹಗ್ಗ ಇರಲಿ.